ರಕ್ತದೊತ್ತಡದ ಮಾತ್ರೆ ಮತ್ತು ಮೂತ್ರಪಿಂಡ

ಹಿರಿಯರು ನಿತ್ಯ ಸೇವಿಸುವ ರಕ್ತದೊತ್ತಡದ ಮಾತ್ರೆಯು ಮೂತ್ರಪಿಂಡಕ್ಕೆ ಹಿತವೋ ಅಹಿತವೋ ಎಂಬ ಸಂದೇಹ ನಮ್ಮ ಅನೇಕ ಮನೆಗಳಲ್ಲಿ ಉಂಟು. ಪ್ರಾಣಿಗಳಲ್ಲಿ ಕಂಡುಕೊಂಡ ಸಂಗತಿಗಳು ಇದಕ್ಕೆ ಉತ್ತರ ನೀಡುತ್ತವೆ.

1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ಅವರು ನಾಯಿಗಳ ಮೂತ್ರಪಿಂಡದ ಅಪಧಮನಿಗಳನ್ನು ಕಿರಿದುಗೊಳಿಸಿದಾಗ ರಕ್ತದೊತ್ತಡ ಏರಿತು. ರಕ್ತ ಸಾಲದಾದಾಗ ಮೂತ್ರಪಿಂಡವು ರೆನಿನ್ ಸ್ರವಿಸುತ್ತದೆ. ಅದರಿಂದ ಆಂಜಿಯೋಟೆನ್ಸಿನ್ ಉಂಟಾಗುತ್ತದೆ. ಇದು ಮೂತ್ರಪಿಂಡದ ಶೋಧಕದಿಂದ ಹೊರಹೋಗುವ ಸಣ್ಣ ರಕ್ತನಾಳವನ್ನು ಬಿಗಿಗೊಳಿಸಿ, ಶೋಧನೆಗೆ ಬೇಕಾದ ಒತ್ತಡವನ್ನು ಕಾಯುತ್ತದೆ.

ಎನಲಾಪ್ರಿಲ್‌ನಂತಹ ಔಷಧಗಳು ಆ ಬಿಗಿತವನ್ನು ಸಡಿಲಿಸುತ್ತವೆ. ಪಶುವೈದ್ಯರು ನಾಯಿಗಳಿಗೂ ಇವನ್ನು ಕೊಡುವುದುಂಟು. ಮೂತ್ರದಲ್ಲಿ ಪ್ರೋಟೀನು ಸೋರುವುದು ಇದರಿಂದ ತಗ್ಗುತ್ತದೆ. ಆದರೆ ವಾಂತಿಭೇದಿಯಿಂದ ದೇಹದ ನೀರು ಬತ್ತಿದಾಗ, ಮೂತ್ರವರ್ಧಕವೋ ನೋವಿನ ಮಾತ್ರೆಯೋ ಜೊತೆಗೂಡಿದರಂತೂ, ಅದೇ ಔಷಧದಿಂದ ಮೂತ್ರಪಿಂಡ ಹಠಾತ್ತನೆ ಸೋಲಬಹುದು.

ಮನುಷ್ಯರಿಗೂ ಇದೇ ಅಪಾಯವುಂಟು. ಆದುದರಿಂದ ಹಿರಿಯರಿಗೆ ವಾಂತಿಭೇದಿಯಾದರೆ ತಡಮಾಡದೆ ವೈದ್ಯರನ್ನು ಕಂಡು, ಮಾತ್ರೆಯನ್ನು ಕೆಲದಿನ ನಿಲ್ಲಿಸಬೇಕೇ ಎಂದು ಕೇಳೋಣ. ಗುಣವಾದ ಬಳಿಕ ಮತ್ತೆ ಆರಂಭಿಸುವುದನ್ನೂ ಅವರಿಂದಲೇ ತಿಳಿಯೋಣ. ಮನೆಯ ನಾಯಿಗೆ ನಮ್ಮ ಮಾತ್ರೆಯನ್ನು ಎಂದಿಗೂ ಕೊಡದಿರೋಣ. ಔಷಧ ಒಳ್ಳೆಯದೇ, ಅದಕ್ಕೆ ಕಾಲದ ಅರಿವೂ ಬೇಕು.