ವಾರ್ಧಕ್ಯದ ಲೆಕ್ಕ

ಎಪ್ಪತ್ತು ದಾಟಿದ ಅಜ್ಜಿಗೆ ಹತ್ತು ಶಬ್ದಗಳನ್ನು ಓದಿ ಕೇಳಿಸಿ, ಕೊಂಚ ಹೊತ್ತಿನ ಮೇಲೆ ಎಷ್ಟು ನೆನಪಿವೆಯೆಂದು ವಿಚಾರಿಸಿದರೆ ಆಕೆ ಮೂರನ್ನು ಹೇಳಿಯಾಳು; ಮಗನು ಆರನ್ನು ಹೇಳಿಯಾನು. ವಯಸ್ಸಾದಂತೆ ಜ್ಞಾಪಕಶಕ್ತಿಯು ಅರ್ಧಕ್ಕೆ ಇಳಿಯುವುದೆಂದು ಇದರಿಂದ ನಿಶ್ಚಯಿಸಬಹುದೆ? ಕೂಡದು. ಅಜ್ಜಿಯು ಶಾಲೆಯ ಮೆಟ್ಟಲು ಹತ್ತಿದವಳಲ್ಲ. ಮಗನಾದರೋ ಹದಿನೈದು ವರ್ಷ ಪಾಠಗಳನ್ನು ಉರುಹೊಡೆದವನು. ಇಲ್ಲಿ ಕಾಣುವುದು ಮುಪ್ಪಿನ ದೋಷವೋ, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸದೆ ಬಿಟ್ಟ ಹಿಂದಿನವರ ದೋಷವೋ? ಒಂದು ದಿನದ ಪರೀಕ್ಷೆಯು ಇವೆರಡನ್ನು ಬೇರ್ಪಡಿಸಲಾರದು. ಕೆಲವು ವರ್ಷಗಳ ತರುವಾಯ ಅದೇ ಅಜ್ಜಿಯನ್ನು ಮತ್ತೆ ಕೇಳಿ, ಆಕೆಯನ್ನು ಆಕೆಯೊಡನೆಯೇ ಹೋಲಿಸಿದರೆ ಮಾತ್ರ ನಿಜವು ಗೋಚರವಾದೀತು.

ಅಮೆರಿಕಾ ದೇಶದ ಫ್ರೇಮಿಂಗ್‌ಹ್ಯಾಂ ಎಂಬ ಊರಿನಲ್ಲಿ 1948ರಲ್ಲಿ ತೊಡಗಿದ ಪರೀಕ್ಷೆಯು ಈ ಜಾತಿಯದು. 5,209 ಮಂದಿ ಸ್ತ್ರೀಪುರುಷರನ್ನು ಎರಡು ವರ್ಷಕ್ಕೊಮ್ಮೆ ಕರೆದು ನೋಡಿದರು. 1971ರಲ್ಲಿ ಅವರ ಮಕ್ಕಳನ್ನೂ, 2002ರಲ್ಲಿ ಮೊಮ್ಮಕ್ಕಳನ್ನೂ ಸೇರಿಸಿಕೊಂಡರು. ರಕ್ತದ ಒತ್ತಡವು ಏರುವುದು ಮುಪ್ಪಿನ ಸಹಜಧರ್ಮವೆಂದು ವೈದ್ಯರಲ್ಲಿಯೂ ಅನೇಕರು ನಂಬಿದ್ದ ಕಾಲವದು. ಒತ್ತಡ ಹೆಚ್ಚಿದ್ದವರಿಗೆ ಮುಂದೆ ಹೃದ್ರೋಗವೂ ಪಾರ್ಶ್ವವಾಯುವೂ ಹೆಚ್ಚಾಗಿ ಬಂದುವೆಂಬುದನ್ನು ಈ ದೀರ್ಘಕಾಲದ ಲೆಕ್ಕವು ತೋರಿಸಿಕೊಟ್ಟಿತು. ನಮ್ಮ ತಾರ್ಕಿಕರು ಹೇಳುವ ಅನ್ವಯವ್ಯತಿರೇಕಗಳು ಸಿದ್ಧಿಸುವುದಕ್ಕೆ ಇಷ್ಟು ಕಾಲ ಕಾಯಬೇಕಾಯಿತು.

ನಮ್ಮ ದೇಶದಲ್ಲಿಯೂ ಇಂಥದೊಂದು ಉಂಟು. ಅದಕ್ಕೆ 'ಲಾಸಿ' ಎಂದು ಹೆಸರು. 2010ರಲ್ಲಿ ಕರ್ನಾಟಕ, ಕೇರಳ, ಪಂಜಾಬ, ರಾಜಸ್ಥಾನಗಳಲ್ಲಿ ಪ್ರಯೋಗಾರ್ಥವಾಗಿ ನಡೆದು, ಮೊದಲನೆಯ ಸುತ್ತು 2017-18ರಲ್ಲಿ ಜರುಗಿತು. 45 ವರ್ಷಕ್ಕೆ ಮೇಲ್ಪಟ್ಟವರೂ ಅವರ ಪತಿಪತ್ನಿಯರೂ ಸೇರಿ 72,250 ಮಂದಿ; ಅವರಲ್ಲಿ 31,464 ಮಂದಿ ಅರುವತ್ತು ಮುಟ್ಟಿದವರು. ಮೇಲೆ ಹೇಳಿದ ಶಬ್ದಪರೀಕ್ಷೆಯಲ್ಲದೆ ಎತ್ತರ, ತೂಕ, ರಕ್ತದ ಒತ್ತಡ, ಕೈಹಿಡಿತದ ಬಲ ಇವುಗಳನ್ನೂ ಅಳೆದರು. ಆದಾಯವೆಷ್ಟು, ಯಾರೊಡನೆ ವಾಸ ಎಂಬುದನ್ನೂ ಕೇಳಿದರು.

ಈ ಲೆಕ್ಕವು ಬೀರುವಿನಲ್ಲಿ ಬೀಗ ಹಾಕಿದ ವಸ್ತುವಲ್ಲವೆಂಬುದು ಗೃಹಸ್ಥರಿಗೆ ತಿಳಿದಿರಬೇಕು. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಗೆ ಅರ್ಜಿ ಬರೆದು ಉದ್ದೇಶವನ್ನು ತಿಳಿಸಿದ ಸಂಶೋಧಕರಿಗೆ, ಹೆಸರು ವಿಳಾಸಗಳನ್ನು ತೆಗೆದ ಅಂಕಿ-ಅಂಶಗಳು ಹಣವಿಲ್ಲದೆ ದೊರೆಯುತ್ತವೆ. ಸಂಖ್ಯಾಶಾಸ್ತ್ರವನ್ನೋ ಸಮಾಜಶಾಸ್ತ್ರವನ್ನೋ ಓದುವ ಮಕ್ಕಳು ಮನೆಯಲ್ಲಿದ್ದರೆ, ಅಧ್ಯಾಪಕರ ನೆರವಿನಿಂದ ಕೇಳಿ ಪಡೆಯುವಂತೆ ಹೇಳಬಹುದು. ಆದರೆ ಪಡೆದ ಮಾತ್ರಕ್ಕೆ ಸಾಲದು. ಮೊದಲನೆಯ ಸುತ್ತೆಂಬುದು ಒಂದು ಬಾರಿ ತೆಗೆದ ಚಿತ್ರ. ಅದರಲ್ಲಿ ಎಂಬತ್ತರ ಮುದುಕರನ್ನು ಐವತ್ತರವರ ಪಕ್ಕದಲ್ಲಿ ನಿಲ್ಲಿಸಿ 'ಮೂವತ್ತು ವರ್ಷದಲ್ಲಿ ಇಷ್ಟು ಕುಂದಿತು' ಎಂದು ಬರೆದರೆ, ಶಾಲೆ ಕಾಣದವರ ಬಡತನವನ್ನು ಮುಪ್ಪಿನ ತಲೆಗೆ ಕಟ್ಟಿದಂತಾಗುವುದು. ಇಂಥ ಬರೆಹಗಳು ಈಚೆಗೆ ಕಡಮೆಯೇನಲ್ಲ. ಇನ್ನೊಂದು ತೊಡಕೂ ಉಂಟು: ಸುತ್ತು ಸುತ್ತಿಗೂ ದುರ್ಬಲರು ತೀರಿಹೋಗಿ ಗಟ್ಟಿಗರು ಮಾತ್ರ ಉಳಿಯುತ್ತಾರೆ. 'ತುಪ್ಪ ತಿಂದ ನಮ್ಮ ತಾತಂದಿರು ತೊಂಬತ್ತು ವರ್ಷ ಬದುಕಿದರು' ಎನ್ನುವವರು, ಅದೇ ತುಪ್ಪ ತಿಂದು ಐವತ್ತಕ್ಕೆ ಹೋದ ತಾತಂದಿರನ್ನು ಎಣಿಸುವುದಿಲ್ಲವಷ್ಟೆ.

ಆದಕಾರಣ ಸಮೀಕ್ಷೆಯವರು ಎರಡನೆಯ ಸಲ ಬಾಗಿಲಿಗೆ ಬಂದಾಗ 'ಹಿಂದೆಯೇ ಎಲ್ಲ ಹೇಳಿಯಾಯಿತು' ಎಂದು ಕಳುಹಿಸಿಬಿಡುವುದು ತರವಲ್ಲ. ಅವರಿಗೆ ಬೇಕಾದುದು ಆ ಎರಡನೆಯ ಉತ್ತರವೇ. ವಯಸ್ಸನ್ನು 'ಅರುವತ್ತು', 'ಎಪ್ಪತ್ತು' ಎಂದು ದುಂಡಗೆ ಹೇಳಿ ಮುಗಿಸದೆ ಜಾತಕವನ್ನು ತೆಗೆದು ನೋಡಬೇಕು. ಜಾತಕವಿಲ್ಲದಿದ್ದರೆ ಸಂವತ್ಸರದ ಹೆಸರಾದರೂ ಸಾಕು. ಅಜ್ಜಿಯು ವಿಜಯ ಸಂವತ್ಸರದಲ್ಲಿ ಹುಟ್ಟಿದವಳಾದರೆ, 1953ರ ಯುಗಾದಿಯಿಂದ ಮರುವರ್ಷದ ಯುಗಾದಿಯೊಳಗೆ ಎಂದು ಬರೆಯಿಸಬಹುದು. ಅದೇ ಹೆಸರಿನ ಸಂವತ್ಸರವು 2013ರಲ್ಲಿ ಮರಳಿ ಬಂದಿತಾದರೂ, ಅಜ್ಜಿಯ ವಿಷಯದಲ್ಲಿ ಆ ಸಂದೇಹಕ್ಕೆ ಎಡೆಯಿಲ್ಲ.