ಸುಟ್ಟದ್ದನ್ನು ಬದಲಿಸಿದರೆ ರಿಪೇರಿ ಆಯಿತೇ?

ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಕೆಟ್ಟ ಉಪಕರಣ ವಿದ್ಯಾರ್ಥಿಯ ಕೈಗೆ ಬರುವುದೇ ಅಪರೂಪ. ಕೆಟ್ಟಿದ್ದು ಬೀರುವಿನೊಳಗೆ ಹೋಗುತ್ತದೆ, ಸರಿಯಿರುವುದು ಟೇಬಲ್ ಮೇಲೆ ಬರುತ್ತದೆ. ಸರ್ಕ್ಯೂಟ್ ಜೋಡಿಸು, ರೀಡಿಂಗ್ ಬರೆ, ಗ್ರಾಫ್ ಎಳೆ, ರೆಕಾರ್ಡ್‌ಗೆ ಸಹಿ ಹಾಕಿಸು. ಹೀಗೆ ನಾಲ್ಕು ವರ್ಷ ಕಳೆದು ಕೆಲಸ ಹುಡುಕಲು ಹೊರಟಾಗ ಸಂದರ್ಶನದಲ್ಲಿ ಯಾರಾದರೂ ‘ಇದು ಕೆಲಸ ಮಾಡುತ್ತಿಲ್ಲ, ಎಲ್ಲಿಂದ ಶುರು ಮಾಡುತ್ತೀರಿ?’ ಎಂದು ಕೇಳಿದರೆ ನಮ್ಮಲ್ಲಿ ಹಲವರು ತಬ್ಬಿಬ್ಬಾಗುತ್ತೇವೆ. ಸರಿಯಿರುವುದನ್ನು ಅಳೆಯಲು ಕಲಿತಿದ್ದೇವೆ, ಕೆಟ್ಟಿದ್ದನ್ನು ಹುಡುಕಲು ಕಲಿತಿಲ್ಲ. ಎಲೆಕ್ಟ್ರಾನಿಕ್ಸ್ ಓದಿ ಕೆಲಸ ಹುಡುಕುತ್ತಿರುವ ನನಗೆ ಇದು ಮನದಟ್ಟಾಗಿದ್ದು ಮಲೆನಾಡಿನ ಗುಡ್ಡವೊಂದರ ಮೇಲಿರುವ ಹ್ಯಾಮ್ ರೇಡಿಯೊ ರಿಪೀಟರ್‌ನಿಂದ.

ಹ್ಯಾಮ್ ಎಂದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು ಹವ್ಯಾಸಕ್ಕಾಗಿ ರೇಡಿಯೊ ಬಳಸುವವರು. ನಮ್ಮ ಕೈಯಲ್ಲಿರುವುದು 5 ವಾಟ್‌ನ ಪುಟ್ಟ ಸೆಟ್. ನಡುವೆ ಗುಡ್ಡ ಅಡ್ಡ ಬಂದರೆ ಅದರ ಆಟ ಮುಗಿಯಿತು. ಆಗ ನೆರವಾಗುವುದು ರಿಪೀಟರ್. ಎತ್ತರದಲ್ಲಿ ಕುಳಿತು ಒಂದು ಆವರ್ತನದಲ್ಲಿ ಕೇಳಿಸಿಕೊಂಡಿದ್ದನ್ನು ಅದೇ ಕ್ಷಣ ಇನ್ನೊಂದು ಆವರ್ತನದಲ್ಲಿ ಜೋರಾಗಿ ಹೇಳುವ ಯಂತ್ರ ಅದು. ಆ ಜೋರು ಬರುವುದು ಪವರ್ ಆಂಪ್ಲಿಫೈಯರ್‌ನಿಂದ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆ, ಕರೆಂಟು, ಮೊಬೈಲ್ ಎಲ್ಲವೂ ಒಟ್ಟಿಗೆ ಕೈಕೊಟ್ಟಿದ್ದನ್ನು ನಾವು ನೋಡಿದ್ದೇವೆ. ಅಂಥ ಹೊತ್ತಿಗೆ ಬ್ಯಾಟರಿಯ ಮೇಲೆ ನಡೆಯುವ ಒಂದು ರಿಪೀಟರ್ ಎಷ್ಟು ದೊಡ್ಡ ಆಸರೆ ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ರಿಪೀಟರ್‌ನ ಆಂಪ್ಲಿಫೈಯರ್ ಒಂದೇ ಬೇಸಿಗೆಯಲ್ಲಿ ಮೂರು ಸಲ ಸುಟ್ಟಿತು. ಪ್ರತಿ ಸಲವೂ ಒಂದು ಕಾರಣ ಸಿದ್ಧವಿತ್ತು. ಮಾರ್ಚ್‌ನಲ್ಲಿ ಸುಟ್ಟಾಗ ‘ವೋಲ್ಟೇಜ್ ಏರಿರಬೇಕು’ ಎಂದರು. ಏಪ್ರಿಲ್‌ನಲ್ಲಿ ‘ಸಿಡಿಲು ಹೊಡೆದಿರಬೇಕು’ ಎಂದರು. ಮೇ ತಿಂಗಳಲ್ಲಿ ‘ಆನ್‌ಲೈನ್‌ನಲ್ಲಿ ತರಿಸಿದ್ದು ಡೂಪ್ಲಿಕೇಟ್ ಮಾಲು’ ಎಂದರು. ಮೂರೂ ನಂಬುವಂಥ ಕಾರಣಗಳೇ. ಯಾವುದನ್ನೂ ಪರೀಕ್ಷಿಸಿ ನೋಡಿರಲಿಲ್ಲ, ಅಷ್ಟೆ. ಪ್ರತಿ ಸಲ ಸದಸ್ಯರು ಕೈಯಿಂದ ಹಣ ಹಾಕಿ ಹೊಸ ಮಾಡ್ಯೂಲ್ ತರಿಸಿ ಬೆಸುಗೆ ಹಾಕಿದ್ದರು. ಇನ್ನೂ ಎಷ್ಟು ಸಲ ಚಂದಾ ಎತ್ತುವುದು, ಮುಚ್ಚಿಬಿಡೋಣ ಎಂಬ ಮಾತೂ ಬಂತು. ಮಳೆಗಾಲಕ್ಕೆ ಉಳಿದಿದ್ದು ಕೆಲವೇ ವಾರ. ಮಳೆ ಹಿಡಿದ ಮೇಲೆ ಆ ಗುಡ್ಡ ಹತ್ತುವುದು ಸುಲಭವಲ್ಲ.

ಆಗ ನಮ್ಮ ಹಿರಿಯ ಹ್ಯಾಮ್ ಒಬ್ಬರು ನಾಲ್ಕನೇ ಮಾಡ್ಯೂಲ್ ತರಿಸುವುದನ್ನು ತಡೆದರು. ‘ಯಾವ ಪಾರ್ಟ್ ಹೋಯ್ತು ಅಂತ ಮೂರು ಸಲ ಕೇಳಿಯಾಯ್ತು ಮಾರಾಯಾ, ಇನ್ನು ಯಾಕೆ ಹೋಯ್ತು ಅಂತ ಕೇಳು’ ಎಂದರು. ‘ಹಾಗಾದ್ರೆ ಏನು ಮಾಡೋದು ಸಾರ್?’ ಎಂದಿದ್ದಕ್ಕೆ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ರಿಪೇರಿ ಶುರುವಾಗಿದ್ದು ಬೆಸುಗೆ ಕೋಲಿನಿಂದಲ್ಲ, ಆ ನೋಟ್‌ಬುಕ್ಕಿನಿಂದ.

ಮೊದಲ ಪುಟದಲ್ಲಿ ಗೊತ್ತಿದ್ದ ಸಂಗತಿಗಳನ್ನಷ್ಟೇ ಬರೆದೆವು. ಮೂರನೆಯ ಮಾಡ್ಯೂಲನ್ನು ಗುಡ್ಡಕ್ಕೆ ಒಯ್ಯುವ ಮೊದಲು ಮನೆಯಲ್ಲಿ 50 ಓಮ್‌ನ ಡಮ್ಮಿ ಲೋಡಿಗೆ ಜೋಡಿಸಿ ಗಂಟೆಗಟ್ಟಲೆ ಓಡಿಸಿದ್ದರು. ಏನೂ ಆಗಿರಲಿಲ್ಲ. ಗುಡ್ಡದ ಮೇಲೆ ಮಾತ್ರ ಸತ್ತಿತು. ಹಾಗಾದರೆ ಮನೆಗೂ ಗುಡ್ಡಕ್ಕೂ ಇರುವ ವ್ಯತ್ಯಾಸ ಏನು? ವಿದ್ಯುತ್ ಪೂರೈಕೆ ಬೇರೆ, ಕೋಣೆಯ ಬಿಸಿ ಬೇರೆ, ಆಂಟೆನಾ ಬೇರೆ, ನಡುವೆ ಡುಪ್ಲೆಕ್ಸರ್ ಇದೆ. ಶಂಕಿತರು ನಾಲ್ಕೇ ಮಂದಿ.

ಹ್ಯಾಮ್‌ಗಳಿಗೆ ಯಾರೊಡನೆ ಎಷ್ಟು ಹೊತ್ತಿಗೆ ಮಾತಾಡಿದೆವು ಎಂದು ಲಾಗ್‌ಬುಕ್ ಬರೆಯುವ ಅಭ್ಯಾಸವಿದೆ. ಎಲ್ಲರ ಲಾಗ್‌ಬುಕ್ ತರಿಸಿ ನೋಡಿದಾಗ ಮೂರು ಸಾವೂ ಮಧ್ಯಾಹ್ನ 12ರಿಂದ 4 ಗಂಟೆಯ ಒಳಗೆ ಆಗಿದ್ದವು. ಹೆಚ್ಚು ಜನ ಮಾತಾಡುವುದು ರಾತ್ರಿ. ಆಗ ಒಮ್ಮೆಯೂ ಸುಟ್ಟಿರಲಿಲ್ಲ. ಅತಿ ಬಳಕೆಯ ವಾದ ಅಲ್ಲಿಗೇ ಬಿತ್ತು. ಮಧ್ಯಾಹ್ನವೆಂದರೆ ಬಿಸಿಲು. ಆ ಕೋಣೆಗೆ ತಗಡಿನ ಮಾಡು.

ಬಿಸಿ ಆಂಪ್ಲಿಫೈಯರ್‌ಗೆ ಯಾವತ್ತೂ ಶತ್ರುವೇ. 30 ವಾಟ್ ಹೊರಗೆ ಕಳಿಸುವ ಮಾಡ್ಯೂಲ್ ಸುಮಾರು 60 ವಾಟ್ ಒಳಗೆ ತೆಗೆದುಕೊಳ್ಳುತ್ತದೆ. ಉಳಿದ 30 ವಾಟ್ ಶಾಖವಾಗಿ ಹೀಟ್ ಸಿಂಕ್‌ಗೆ ಹೋಗಬೇಕು. ಎಫ್‌ಎಂನಲ್ಲಿ ಮಾತಿನ ನಡುವೆ ಸುಮ್ಮನಿದ್ದರೂ ಬಟನ್ ಒತ್ತಿರುವಷ್ಟು ಹೊತ್ತು ಪೂರ್ತಿ ಪವರ್ ಹೋಗುತ್ತಲೇ ಇರುತ್ತದೆ. ಆದರೆ ನಮ್ಮ ಹೀಟ್ ಸಿಂಕ್ ದೊಡ್ಡದಿತ್ತು, ಫ್ಯಾನ್ ತಿರುಗುತ್ತಿತ್ತು. ಬರೀ ಬಿಸಿ ಸಾಲದು, ಇನ್ನೇನೋ ಜೊತೆಗೂಡಿರಬೇಕು ಅನ್ನಿಸಿತು. ವೋಲ್ಟೇಜ್ ನೋಡಿದೆವು. ಇಡೀ ದಿನ 13.8ರ ಆಸುಪಾಸಿನಲ್ಲೇ ಇತ್ತು. ಆಂಟೆನಾ ಕಡೆ ಎಸ್‌ಡಬ್ಲ್ಯುಆರ್ 1.3. ಅದೂ ಚೆನ್ನಾಗಿಯೇ ಇತ್ತು.

ಇಷ್ಟು ದಿನ ಎಲ್ಲರೂ ಮೀಟರ್ ಇಡುತ್ತಿದ್ದುದು ಡುಪ್ಲೆಕ್ಸರ್ ಮತ್ತು ಆಂಟೆನಾ ನಡುವೆ. ಆಂಪ್ಲಿಫೈಯರ್ ನೋಡುವುದು ಆಂಟೆನಾವನ್ನಲ್ಲ, ಡುಪ್ಲೆಕ್ಸರನ್ನು. ಡುಪ್ಲೆಕ್ಸರ್ ಎಂದರೆ ಒಂದೇ ಆಂಟೆನಾದಲ್ಲಿ ಕೇಳುವುದನ್ನೂ ಹೇಳುವುದನ್ನೂ ಬೇರ್ಪಡಿಸುವ ಲೋಹದ ಡಬ್ಬಿಗಳ ಸಾಲು. ಎರಡು ಆವರ್ತನಗಳ ನಡುವಿನ ಅಂತರ ಬರೀ 600 ಕಿಲೋಹರ್ಟ್ಸ್ ಆದ್ದರಿಂದ ಅದರ ಟ್ಯೂನಿಂಗ್ ತೀರಾ ಸೂಕ್ಷ್ಮ. ಮೀಟರನ್ನು ಅದರ ಹಿಂದೆ ಇಟ್ಟೆವು. ಹೊಸ ಮಾಡ್ಯೂಲನ್ನು ಬಲಿ ಕೊಡದೆ, ಸಾಮಾನ್ಯ ಸೆಟ್ ಒಂದರಿಂದ 5 ವಾಟ್ ಕಳಿಸಿ ಗಂಟೆಗೊಮ್ಮೆ ರೀಡಿಂಗ್ ಬರೆದೆವು. ಬೆಳಿಗ್ಗೆ 7ಕ್ಕೆ 1.2 ಇದ್ದದ್ದು ಮಧ್ಯಾಹ್ನ 3ಕ್ಕೆ 3ರ ಹತ್ತಿರ ಹೋಗಿತ್ತು.

ಎಸ್‌ಡಬ್ಲ್ಯುಆರ್ 3 ಎಂದರೆ ಕಳಿಸಿದ ಶಕ್ತಿಯಲ್ಲಿ ಕಾಲು ಭಾಗ ಹಿಂದಿರುಗುತ್ತದೆ. ಟ್ರಾನ್ಸಿಸ್ಟರ್ ಮೇಲೆ ವೋಲ್ಟೇಜ್, ಕರೆಂಟುಗಳ ಒತ್ತಡ ಏರುತ್ತದೆ. ಅದೂ ಹೀಟ್ ಸಿಂಕ್ ಅತಿ ಬಿಸಿಯಾಗಿರುವ ಹೊತ್ತಿನಲ್ಲೇ. ಡುಪ್ಲೆಕ್ಸರ್ ಬಿಚ್ಚಿ ನೋಡಿದರೆ ಒಂದು ಡಬ್ಬಿಯ ಟ್ಯೂನಿಂಗ್ ರಾಡ್ ಹಿಡಿದಿಡುವ ನಟ್ ಸಡಿಲವಾಗಿತ್ತು. ರಾಡ್ ಹಿತ್ತಾಳೆಯದು. ಅರ್ಧ ಮೀಟರ್ ಉದ್ದದ ಹಿತ್ತಾಳೆ ರಾಡ್ 25 ಡಿಗ್ರಿ ಬಿಸಿಯೇರಿದರೆ ಸುಮಾರು ಕಾಲು ಮಿಲಿಮೀಟರ್ ಹಿಗ್ಗುತ್ತದೆ. ಟ್ಯೂನಿಂಗನ್ನು ಹತ್ತಾರು ಕಿಲೋಹರ್ಟ್ಸ್ ಜಾರಿಸಲು ಅಷ್ಟು ಸಾಕು. ಒಳ್ಳೆಯ ಡುಪ್ಲೆಕ್ಸರ್‌ಗಳಲ್ಲಿ ಅಷ್ಟಾಗಿ ಹಿಗ್ಗದ ಇನ್ವಾರ್ ಎಂಬ ಮಿಶ್ರಲೋಹ ಬಳಸುವುದು ಇದೇ ಕಾರಣಕ್ಕೆ.

ಪರಿಹಾರ ಸರಳವಾಗಿತ್ತು. ನಟ್ ಬಿಗಿ ಮಾಡಿ ಮರಳಿ ಟ್ಯೂನ್ ಮಾಡಿದೆವು. ಆಂಪ್ಲಿಫೈಯರ್‌ಗೂ ಡುಪ್ಲೆಕ್ಸರ್‌ಗೂ ನಡುವೆ ಒಂದು ಐಸೊಲೇಟರ್ ಹಾಕಿದೆವು. ಹಿಂದಿರುಗುವ ಶಕ್ತಿಯನ್ನು ಅದು ಬೇರೆ ಲೋಡಿಗೆ ತಿರುಗಿಸುತ್ತದೆ. ಮಾಡಿನ ಕೆಳಗೆ ಗಾಳಿಯಾಡಲು ಕಿಂಡಿ ಬಿಟ್ಟೆವು. ಪವರನ್ನು 30ರಿಂದ 15 ವಾಟ್‌ಗೆ ಇಳಿಸಿದೆವು. ಅರ್ಧಕ್ಕೆ ಇಳಿದರೂ ಕೇಳುವವರ ಮೀಟರಿನಲ್ಲಿ ಅದು ಅರ್ಧ ಎಸ್-ಯೂನಿಟ್ ವ್ಯತ್ಯಾಸ, ಹೆಚ್ಚಿನವರಿಗೆ ಗೊತ್ತೇ ಆಗಲಿಲ್ಲ. ನಾಲ್ಕನೇ ಮಾಡ್ಯೂಲ್ ಆ ಮಳೆಗಾಲ ದಾಟಿತು, ಮುಂದಿನ ಬೇಸಿಗೆಯನ್ನೂ ದಾಟಿತು.

ಇಷ್ಟು ಕೆಲಸಕ್ಕೆ ಬೇಕಾದ ಜ್ಞಾನ ಎಷ್ಟು? ಲೋಹ ಹಿಗ್ಗುವುದು ಹೈಸ್ಕೂಲಿನ ಪಾಠ. ಎಸ್‌ಡಬ್ಲ್ಯುಆರ್ ಡಿಪ್ಲೊಮಾ ಪಾಠ. ಕೊರತೆ ಇದ್ದದ್ದು ಜ್ಞಾನದ್ದಲ್ಲ, ಕ್ರಮದ್ದು. ಗೊತ್ತಿರುವುದನ್ನೂ ಊಹೆಯನ್ನೂ ಬೇರೆ ಬೇರೆ ಬರೆಯುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ‘ಇರಬೇಕು’ ಎಂದದ್ದನ್ನು ಅಳೆದು ನೋಡುವುದು, ಮೀಟರ್ ಎಲ್ಲಿದೆ ಎಂದು ಕೇಳಿಕೊಳ್ಳುವುದು. ಇದಕ್ಕೆ ಯಾವ ಸಿಲಬಸ್ಸಿನಲ್ಲೂ ಅಂಕವಿಲ್ಲ.

ಅಂಕ ಇರಬೇಕು ಎಂಬುದು ನನ್ನ ವಾದ. ಪ್ರತಿ ಲ್ಯಾಬ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯಾದರೂ ಬೇಕೆಂದೇ ಕೆಡಿಸಿಟ್ಟ ಸರ್ಕ್ಯೂಟಿನದ್ದಾಗಿರಲಿ. ದೋಷ ಸಿಗದಿದ್ದರೂ ಪರವಾಗಿಲ್ಲ, ಹುಡುಕಿದ ದಾರಿಗೆ ಅಂಕ ಸಿಗಲಿ. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಅನುದಾನ ಬೇಡ. ಬೀರುವಿನಲ್ಲಿ ಕೆಟ್ಟ ಉಪಕರಣಗಳು ರಾಶಿ ಬಿದ್ದಿವೆ. ಸಮಯ ಸಾಲದು ಎಂದು ಅಧ್ಯಾಪಕರು ಹೇಳಬಹುದು. ಹತ್ತು ಸರಿಯಾದ ಪ್ರಯೋಗಗಳಲ್ಲಿ ಎರಡನ್ನು ಬಿಟ್ಟು ಕೆಟ್ಟ ಎರಡನ್ನು ಕೊಟ್ಟರೆ ನಷ್ಟವೇನಿಲ್ಲ.

ಕೆಲಸ ಹುಡುಕುವವರಿಗೂ ಇದು ಸಂಬಂಧಿಸಿದ್ದೇ. ಮೊಬೈಲ್ ಟವರ್‌ಗಳ ನಿರ್ವಹಣೆಯಲ್ಲಿ ಎಸ್‌ಡಬ್ಲ್ಯುಆರ್ ಅಲಾರಂ ನಿತ್ಯದ ಮಾತು. ಸೋಲಾರ್ ಇನ್‌ವರ್ಟರ್, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ, ವಿದ್ಯುತ್ ವಾಹನದ ಚಾರ್ಜರ್, ಎಲ್ಲ ಕಡೆಯೂ ಬೋರ್ಡ್ ಬದಲಿಸುವವರು ಸಿಗುತ್ತಾರೆ. ಮತ್ತೆ ಕೆಡದಂತೆ ಮಾಡುವವರನ್ನು ಹುಡುಕಬೇಕು. ‘ಮೂರು ಸಲ ಸುಟ್ಟದ್ದು ನಾಲ್ಕನೇ ಸಲ ಸುಡದಂತೆ ಹೇಗೆ ಮಾಡಿದೆವು’ ಎಂದು ಐದು ನಿಮಿಷ ಹೇಳಬಲ್ಲವನಿಗೆ ಪ್ರಾಜೆಕ್ಟ್ ರಿಪೋರ್ಟಿನ ದಪ್ಪ ಬೇಕಾಗುವುದಿಲ್ಲ.

ಕಾಲೇಜು ಬದಲಾಗುವವರೆಗೆ ಕಾಯಬೇಕಿಲ್ಲ. 12 ವರ್ಷ ತುಂಬಿದ ಯಾರೂ ಹ್ಯಾಮ್ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಕಲಿಯಬೇಕಾಗಿಯೂ ಇಲ್ಲ. ಅದೂ ಬೇಡವೆಂದರೆ ಮನೆಯಲ್ಲಿ ಪದೇ ಪದೇ ಸುಡುವ ಎಲ್‌ಇಡಿ ಬಲ್ಬೋ, ತೋಟದ ಪಂಪ್‌ಸೆಟ್ಟೋ ಇದ್ದೇ ಇರುತ್ತದೆ. ಮುಂದಿನ ಸಲ ಅದು ಕೈಕೊಟ್ಟಾಗ ಅಂಗಡಿಗೆ ಓಡುವ ಮೊದಲು ಎರಡು ರೂಪಾಯಿಯ ಪೆನ್ನು ತೆಗೆದು ದಿನಾಂಕ, ಗಂಟೆ, ವೋಲ್ಟೇಜ್ ಬರೆದಿಡಿ. ಮೂರನೆಯ ಸಾಲು ಬರೆಯುವಷ್ಟರಲ್ಲಿ ಏನೋ ಒಂದು ಹೊಳೆಯತೊಡಗುತ್ತದೆ.