ಬರಿಗಾಲಿನ ಫುಟ್ಬಾಲ್

ಮಗಳ ಮನೆ ಭಟ್ಕಳದಲ್ಲಿ. ಹೋದ ತಿಂಗಳು ಅಲ್ಲಿಗೆ ಹೋದಾಗ ಮೊಮ್ಮಗ ಫುಟ್ಬಾಲ್ ನೋಡಲು ಕರೆದೊಯ್ದ. ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿದ ಅಂಗಳ. ಅದಕ್ಕೆ ಟರ್ಫ್ ಎನ್ನಬೇಕಂತೆ. ಗಂಟೆಗಿಷ್ಟು ಎಂದು ಬಾಡಿಗೆ. ಹತ್ತು ಹುಡುಗರು ಹಂಚಿಕೊಂಡು ಕೊಡುತ್ತಾರೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ, ಕೂತಲ್ಲೇ ಭಾಗಾಕಾರ ಮಾಡಿದೆ. ಒಬ್ಬೊಬ್ಬರ ಪಾಲಿಗೆ ಹೆಚ್ಚೇನಿಲ್ಲ. ಆದರೆ ಬಲೆಯ ಹೊರಗೆ ನಿಂತಿದ್ದ ಇಬ್ಬರು ಹುಡುಗರಿಗೆ ಅದೇ ಹೆಚ್ಚಾಗಿತ್ತು. ಹೊರಗೆ ಬಿದ್ದ ಚೆಂಡನ್ನು ಅವರಲ್ಲೊಬ್ಬ ಬರಿಗಾಲಲ್ಲಿ ಒಳಕ್ಕೆ ಒದ್ದ. ಎಂಥ ಒದೆತ! ನಮ್ಮವನ ಬೆನ್ನ ಮೇಲೆ ಮೆಸ್ಸಿಯ ಹೆಸರಿತ್ತು. ಕಾಲಿನ ಚಳಕ ಮಾತ್ರ ಹೊರಗಿನವನಲ್ಲಿತ್ತು.

ನನಗೆ ಕುಮಟೆಯ ನೆನಪಾಯಿತು. 1963 ಇರಬೇಕು. ಕೊಯ್ಲಾದ ಗದ್ದೆಯೇ ನಮ್ಮ ಮೈದಾನ, ಚಕ್ಕೋತದ ಕಾಯಿಯೇ ಚೆಂಡು. ಒದ್ದು ಒದ್ದು ಮೆತ್ತಗಾದರೆ ಇನ್ನೊಂದು. (ಅಜ್ಜಂದಿರೇ, ಮರದ ಯಜಮಾನರ ಬೈಗುಳವೂ ನೆನಪಿದೆಯಷ್ಟೆ?) ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು ಒಬ್ಬ ಮೀನುಗಾರರ ಹುಡುಗ. ಶಾಲೆಯ ತಂಡ ಆರಿಸುವ ದಿನ, ಬೂಟು ಇದ್ದವರು ಮಾತ್ರ ಬನ್ನಿ ಎಂದರು. ನಾನು ಅಣ್ಣನ ಹಳೇ ಬೂಟಿಗೆ ಬಟ್ಟೆ ತುರುಕಿ ಹಾಕಿಕೊಂಡು ತಂಡ ಸೇರಿದೆ. ಅವನು ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿ ಕೊಟ್ಟ. "ಇವ ನನಗಿಂತ ಚೆನ್ನಾಗಿ ಆಡ್ತಾನೆ ಸಾರ್" ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಮಕ್ಕಳೇ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಫ್ರಾನ್ಸ್ ಎದುರು ನಮ್ಮ ಒಂದೇ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಕೈತಪ್ಪಿ 1-2ರಿಂದ ಸೋತೆವು. ಬೆಂಗಳೂರಿನ ಅಹಮದ್ ಖಾನರೂ ಆ ತಂಡದಲ್ಲಿದ್ದರು. ಈ ಆಟ ಅಲ್ಲಿ ಬೆಳೆದದ್ದು ದಂಡು ಪ್ರದೇಶದಲ್ಲಿ. ಆಸ್ಟಿನ್ ಟೌನ್, ಗೌತಮಪುರದಂಥ ಬಡವರ ಓಣಿಗಳಲ್ಲಿ ಬೇರು ಬಿಟ್ಟಿತು. ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯೇ ಇದೆ! ಕ್ರಿಕೆಟ್ಟಿಗೆ ಬ್ಯಾಟು, ಪ್ಯಾಡು, ಗ್ಲೌಸು ಬೇಕು. ಫುಟ್ಬಾಲಿಗೆ ಒಂದು ಚೆಂಡಿದ್ದರೆ ಇಪ್ಪತ್ತೆರಡು ಮಂದಿ ಆಡಬಹುದು. ಆದರೂ ಹೆಸರು, ಹಣ ಎರಡೂ ಕ್ರಿಕೆಟ್ಟಿನ ಖಾತೆಗೇ ಜಮೆ. ಆಗಿನ ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಮತ್ತೆ ನಮ್ಮ ರಾಜ್ಯ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ದೂರದ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2ರಿಂದ. ನಾನು ಚಹಾ ಕುಡಿಯುವ ಅಂಗಡಿಯಲ್ಲಿ ಅದರ ಸುದ್ದಿ ಎತ್ತಿದವರಿಲ್ಲ.

ಆ ಗೆಳೆಯ ಮತ್ತೆ ಸಿಕ್ಕಿದ್ದು ಹೊನ್ನಾವರದಲ್ಲಿ, ನಾನು ಕೌಂಟರಿನಲ್ಲಿದ್ದಾಗ. ದೋಣಿ ಸಾಲದ ಕಂತು ಕಟ್ಟಲು ಬಂದಿದ್ದ. ಗುರುತು ಹತ್ತಿದರೂ ನಾನು ನೋಟು ಎಣಿಸುತ್ತ ತಲೆ ಎತ್ತಲಿಲ್ಲ. ಅವನೇ ಕೇಳಿದ: "ಅಣ್ಣನ ಬೂಟು ಈಗಾದರೂ ಕಾಲಿಗೆ ಸರಿ ಆಗ್ತದ್ಯೋ?" ನಗುತ್ತಲೇ ಕೇಳಿದ. ಎಣಿಕೆ ತಪ್ಪಿತು, ಮೊದಲಿಂದ ಎಣಿಸಿದೆ.

ಇದನ್ನೆಲ್ಲ ಆ ಸಂಜೆ ಮನೆಗೆ ನಡೆಯುತ್ತ ಮೊಮ್ಮಗನಿಗೆ ಹೇಳಿದೆ. ಅವನು ಏನೂ ಅನ್ನಲಿಲ್ಲ. ಮುಂದಿನ ರವಿವಾರ ಕುಮಟೆಗೆ ಫೋನು ಬಂತು.

"ಅಜ್ಜಾ, ಇವತ್ತು ನಾವು ಹನ್ನೆರಡು ಜನ ಆಡಿದ್ವಿ."

"ಹಾಗಾದರೆ ಒಬ್ಬೊಬ್ಬರಿಗೆ ಎಷ್ಟು ಬಿತ್ತೋ?"

"ಹತ್ತರಿಂದಲೇ ಭಾಗಿಸಿದ್ವಿ, ಅಜ್ಜಾ."